ಕನ್ನಡಿಯೆದುರು ಕಲಿತ ಭಾಷೆ

ದೇಶದ ರಾಜಧಾನಿಯ ಅಂಚಿಗಿರುವ ಇಂದಿರಾಪುರಂನ ನಮ್ಮ ಹೋಟೆಲಿಗೆ ಪ್ರತಿ ಭಾನುವಾರ ಮಧ್ಯಾಹ್ನ ಏಳೆಂಟು ಮಂದಿಯ ಗುಂಪೊಂದು ಬರುತ್ತದೆ. ಅವರಲ್ಲಿ ಯಾರಿಗೂ ಕಿವಿ ಕೇಳಿಸುವುದಿಲ್ಲ. ಕಿಟಕಿ ಪಕ್ಕದ ಎರಡು ಮೇಜು ಜೋಡಿಸಿಕೊಂಡು, ಮೆನು ಕಾರ್ಡಿನ ಮೇಲೆ ಬೆರಳಿಟ್ಟು ದೋಸೆ ತರಿಸಿಕೊಂಡು, ಆಮೇಲೆ ಕೈಯಲ್ಲೇ ಹರಟುತ್ತಾರೆ. ಅಪ್ಪ ಗಲ್ಲಾದಲ್ಲಿ ಕೂರಿಸಿದ ದಿನದಿಂದ ನಾನು ಅವರನ್ನು ನೋಡುತ್ತಿದ್ದೆ. ಅಷ್ಟು ಮಾತು, ಒಂದು ಸದ್ದಿಲ್ಲ. ಯಾಕಮ್ಮ ಸುಮ್ಮನೆ ಕೂತಿದ್ದೀಯ ಎಂದು ಕೇಳುವವರಿಲ್ಲದ ಆ ಮೇಜು ನನಗೇ ಮಾಡಿಸಿಟ್ಟ ಹಾಗಿತ್ತು.

ಬಿ.ಕಾಂ. ಮುಗಿದ ಮೇಲೆ ಸನ್ನೆ ಭಾಷೆಯ ದುಭಾಷಿಯಾಗುವ ಕೋರ್ಸಿಗೆ ಸೇರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ಗಿರಾಕಿಗೆ ಚಿಲ್ಲರೆ ಕೊಡುವಾಗಲೂ ತಲೆಯೆತ್ತದವಳು ದುಭಾಷಿಯಾಗುತ್ತಾಳಂತೆ ಎಂದು ಅಪ್ಪ ನಕ್ಕರು. ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲಿನ ವಿಡಿಯೊಗಳನ್ನು ನೋಡಿ, ಕನ್ನಡಿಯ ಮುಂದೆ ನಿಂತು ಕಲಿಯತೊಡಗಿದೆ. ಕಳೆದ ವರ್ಷ ಅರ್ಜಿ ಕರೆದಾಗ ಇನ್ನೂ ಸ್ವಲ್ಪ ಚೆನ್ನಾಗಿ ಬರಲಿ ಅಂದುಕೊಂಡೆ. ಈ ವರ್ಷವೂ ಅದನ್ನೇ ಅಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಏಳುವಾಗಲೇ ಮೈ ಭಾರ. ನಾಳೆ ಆ ಮೇಜಿನ ಹತ್ತಿರ ಹೋಗುತ್ತೇನೆ, ಒಂದೇ ಒಂದು ಮಾತಾಡುತ್ತೇನೆ ಎಂದು ಡೈರಿಯಲ್ಲಿ ಬರೆಯುತ್ತಿದ್ದೆ. ಭಾನುವಾರ ಬಂದರೆ ಗಲ್ಲಾ ಬಿಟ್ಟು ಕದಲುತ್ತಿರಲಿಲ್ಲ.

ಕನ್ನಡಿಯ ಮುಂದೆ ಕೈಯಾಡಿಸುತ್ತಿದ್ದುದನ್ನು ತಮ್ಮ ಸುಶಾಂತ್ ನೋಡಿಬಿಟ್ಟ. ದೀದಿ ಫುಲ್ ಎಕ್ಸ್‌ಪರ್ಟ್ ಆಗಿದ್ದಾಳೆ ಎಂದು ಮನೆಯಲ್ಲಿ ಸಾರಿದ. ಅಂದಿನಿಂದ ಅಪ್ಪನ ವರಸೆಯೇ ಬದಲಾಯಿತು. ಕಾಫಿಗೆ ಬರುವವರಿಗೆಲ್ಲ ನನ್ನ ಮಗಳಿಗೆ ಕೈಭಾಷೆ ಬರುತ್ತದೆ ಎಂದು ಹೇಳತೊಡಗಿದರು. ಅಪ್ಪ ನನ್ನ ಬಗ್ಗೆ ಇನ್ನೊಬ್ಬರ ಮುಂದೆ ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಷ್ಟೇನೂ ಬರುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ.

ಆಷಾಢ ಕಳೆದ ಮೇಲಿನ ಒಂದು ಬುಧವಾರ ಆ ಗುಂಪಿನ ಇಬ್ಬರು, ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ, ಊಟದ ಹೊತ್ತು ಮುಗಿದ ಮೇಲೆ ಬಂದು ಗಲ್ಲಾದ ಮುಂದೆ ನಿಂತರು. ಹುಡುಗಿ ಮಹಡಿಯ ಮೆಟ್ಟಿಲ ಕಡೆ ತೋರಿಸಿದಳು. ಮೇಲೆ ನಮ್ಮದೊಂದು ಸಣ್ಣ ಹಾಲ್ ಇದೆ, ಹುಟ್ಟುಹಬ್ಬ, ನಾಮಕರಣಕ್ಕೆ ಕೊಡುತ್ತೇವೆ. ಅಪ್ಪ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

"ರಶ್ಮಿ, ಇವರಿಗೆ ಎಂತ ಬೇಕಂತೆ ಕೇಳು. ನಿನ್ನ ಜನ ಅಲ್ವಾ?"

ಸಪ್ಲೈ ಮಾಡುವವರೂ ನಿಂತು ನೋಡತೊಡಗಿದರು. ನಾನು ಎದ್ದೆ. ಬಲಗೈ ಎತ್ತಿ, ಬೆರಳುಗಳನ್ನು ಮಡಚಿ ಬಿಡಿಸಿ, ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ತೋರಿಸಿದೆ. ಹುಡುಗಿ ಹುಡುಗನ ಮುಖ ನೋಡಿದಳು. ಏನು ಬೇಕು, ಯಾವ ದಿನ ಎಂದು ಕೇಳಿದೆ. ಕೈ ತಡವರಿಸಲಿಲ್ಲ, ಅಷ್ಟು ಸಲ ಮಾಡಿದ್ದೆ. ಅವಳು ಎರಡೂ ಕೈಗಳಲ್ಲಿ ಏನೋ ಹೇಳಿದಳು. ಆ ಬೆರಳುಗಳಲ್ಲಿ ನನಗೆ ಒಂದೂ ಗುರುತು ಸಿಗಲಿಲ್ಲ. ಮತ್ತೆ ಹೇಳಿದಳು, ನಿಧಾನವಾಗಿ, ಮಗುವಿಗೆ ಹೇಳುವಂತೆ. ಆಗಲೂ ಇಲ್ಲ.

ಎಂತ ಹೇಳ್ತಾರೆ ಎಂದು ಅಪ್ಪ ಕೇಳಿದರು. ಮುಖದಲ್ಲಿ ಆ ಹೆಮ್ಮೆ ಹಾಗೇ ಇತ್ತು.

"ಮುಂದಿನ ಭಾನುವಾರಕ್ಕೆ ಹಾಲ್ ಬೇಕಂತೆ. ಮಧ್ಯಾಹ್ನಕ್ಕೆ," ಎಂದೆ.

ಎಲ್ಲಿಂದ ಬಂತೋ ಆ ಮಾತು. ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರದ ಸುತ್ತ ಪೆನ್ನಿನಿಂದ ಗುರುತು ಹಾಕಿದರು. ಹುಡುಗಿ ಅದನ್ನು ನೋಡಿ ಅಲ್ಲವೆಂದು ಜೋರಾಗಿ ತಲೆಯಾಡಿಸಿದಳು. ಮೊಬೈಲ್ ತೆಗೆದು ಹಿಂದಿಯಲ್ಲಿ ಟೈಪ್ ಮಾಡಿ ಅಪ್ಪನ ಮುಂದೆ ಹಿಡಿದಳು. ತನಗೂ ಪಕ್ಕದಲ್ಲಿ ನಿಂತ ಪವನ್‌ಗೂ ನಿಶ್ಚಿತಾರ್ಥ, ದಸರಾ ಕಳೆದ ಮೇಲೆ, ಸಂಜೆ ಹೊತ್ತು, ಎಂದಿತ್ತು. ಅಪ್ಪ ಓದಿ ನನ್ನ ಕಡೆ ತಿರುಗಿದರು. ನೀನು ಹೇಳಿದ್ದು ಬೇರೆ ಉಂಟಲ್ಲ ಎಂದರು, ಮೆಲ್ಲಗೆ.

ಅವರೇ ಮನಸ್ಸು ಬದಲಾಯಿಸಿದರು ಎನ್ನಬಹುದಿತ್ತು. ಅಪ್ಪ ನಂಬುತ್ತಿದ್ದರು. ನಂಬಲು ತಯಾರಾಗಿಯೇ ನಿಂತಿದ್ದರು.

"ನನಗೆ ಅವರು ಹೇಳಿದ್ದು ಅರ್ಥ ಆಗ್ಲಿಲ್ಲ ಅಪ್ಪ. ಒಂದು ಅಕ್ಷರವೂ ಆಗ್ಲಿಲ್ಲ. ಸುಮ್ಮನೆ ಹೇಳಿದೆ."

ಹುಡುಗಿ ಈಗ ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ನಿನ್ನ ಈ ಕೈಭಾಷೆ ಯಾವ ದೇಶದ್ದು, ಅಮೆರಿಕದ್ದಾ, ಅಲ್ಲಿ ಇದ್ದೆಯಾ ಎಂದು ಕೇಳಿದ್ದಳು. ನಾನು ಗಲ್ಲಾ ಬಿಟ್ಟು ಹಿಂದಿನ ಗೋದಾಮಿಗೆ ಹೋಗಿ ಅಕ್ಕಿ ಚೀಲದ ಮೇಲೆ ಕೂತೆ. ಒಂದೊಂದು ದೇಶದಲ್ಲಿ ಒಂದೊಂದು ಸನ್ನೆ ಭಾಷೆ ಇರುತ್ತದೆ ಎಂಬಷ್ಟೂ ನನಗೆ ತಿಳಿದಿರಲಿಲ್ಲ. ನಾನು ನೋಡಿದ್ದ ವಿಡಿಯೊಗಳೆಲ್ಲ ಅಮೆರಿಕದವು ಎಂದು ಅಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದ ಮೇಲೆ ತಿಳಿಯಿತು. ಅಮೆರಿಕದವರು ಅಕ್ಷರಗಳನ್ನು ಒಂದು ಕೈಯಲ್ಲಿ ತೋರಿಸುತ್ತಾರೆ, ನಮ್ಮವರು ಎರಡು ಕೈಯಲ್ಲಿ. ಕಿಟಕಿ ಪಕ್ಕದ ಮೇಜಿಗೆ ಒಂದೇ ಒಂದು ಸಲ ಹೋಗಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ದೂರದಿಂದ ಅವರನ್ನು ನೋಡುತ್ತಲೇ ಇದ್ದೆ, ಅವರ ಕೈಗಳನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಅವರು ಕತ್ತೆತ್ತಿದರೆ ನಾನು ಕಣ್ಣು ತಗ್ಗಿಸುತ್ತಿದ್ದೆ.

ಆಮೇಲಿನ ದಿನಗಳಲ್ಲಿ ಅಪ್ಪ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಫಿಗೆ ಬಂದವರೊಬ್ಬರು ಮಗಳ ಕೈಭಾಷೆ ಹೇಗಿದೆ ಎಂದು ಕೇಳಿದಾಗ ಅಪ್ಪ ಒಲೆ ನೋಡುವ ನೆಪದಲ್ಲಿ ಒಳಗೆ ಹೋದರು. ಅಮ್ಮ ಮಾತ್ರ, ಇಷ್ಟು ಕಾಲ ಕನ್ನಡಿ ನೋಡಿದ್ದೇ ಬಂತು ಮಾರಾಯ್ತಿ, ಮದುವೆಗಾದರೂ ನೋಡಿದ್ದರೆ ಆಗ್ತಿತ್ತು ಎಂದರು. ನಾನು ಮೊಬೈಲಿನಿಂದ ವಿಡಿಯೊಗಳನ್ನೆಲ್ಲ ಅಳಿಸಿದೆ. ಡೈರಿ ಬರೆಯಲಿಲ್ಲ. ಹೋಟೆಲಿಗೆ ಹೋಗುವುದು, ಕೂರುವುದು, ಬಂದು ಮಲಗುವುದು. ಮಲಗಿದರೆ ಗೋಡೆ ಕಡೆ ಮುಖ.

ಭಾನುವಾರ ಅವರು ಬಂದರು. ನಾನು ಒಳಗೆ ಹೋಗಿಬಿಡೋಣ ಎಂದು ಎದ್ದೆ. ಅಲ್ಲೇ ನಿಂತು ಯೋಚಿಸಿದರೆ, ಒಳಗೆ ಹೋಗಿ ಏನನ್ನು ಬಚ್ಚಿಡುವುದು? ನನಗೆ ಬರುವುದಿಲ್ಲ ಎಂಬುದು ಅಪ್ಪನಿಗೆ ಗೊತ್ತು, ಸಪ್ಲೈಯವರಿಗೆ ಗೊತ್ತು, ಆ ಮೇಜಿನಲ್ಲಿದ್ದ ಎಲ್ಲರಿಗೂ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಸ್ವಲ್ಪ ಚೆನ್ನಾಗಿ ಬರಲಿ ಎಂದು ಕಾಯಲು ಇನ್ನು ಏನೂ ಉಳಿದಿರಲಿಲ್ಲ. ಧೈರ್ಯ ಬಂತು ಎನ್ನಲಾರೆ. ಮೇಜಿನ ಹತ್ತಿರ ಹೋಗಿ ಹಿಂದಿಯಲ್ಲಿ ಟೈಪ್ ಮಾಡಿದ ಮೊಬೈಲನ್ನು ಆ ಹುಡುಗಿಯ ಮುಂದಿಟ್ಟೆ. ನಾನು ಅಮೆರಿಕಕ್ಕೆ ಹೋಗಿಲ್ಲ, ವಿಡಿಯೊ ನೋಡಿ ತಪ್ಪು ಕಲಿತೆ, ನೀವು ಕಲಿಸುತ್ತೀರಾ?

ಮೊಬೈಲ್ ಕೈಯಿಂದ ಕೈಗೆ ಹೋಯಿತು. ಪವನ್ ನನ್ನ ಒಂಟಿ ಕೈಯ ಅಕ್ಷರಗಳನ್ನು ಅಣಕಿಸಿ ತೋರಿಸಿದ, ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಗುಂಜನ್ ಎಂದು ತನ್ನ ಹೆಸರು ಬರೆದು, ಅದರ ಕೆಳಗೆ ಉತ್ತರ ಟೈಪ್ ಮಾಡಿದಳು:

"ಭಾನುವಾರ ನಾವು ದೋಸೆ ತಿನ್ನೋಕೆ ಬರ್ತೀವಿ, ಪಾಠ ಮಾಡೋಕಲ್ಲ. ಕ್ಲಾಸ್ ಲಕ್ಷ್ಮೀ ನಗರದಲ್ಲಿ, ಶನಿವಾರ. ಇನ್ನೊಂದು ಮಾತು. ನಿನ್ನ ಕೈ ಓಡುತ್ತೆ, ಮುಖ ಮುಚ್ಚಿರುತ್ತೆ. ಅವತ್ತು ನೀನು ಪ್ರಶ್ನೆ ಕೇಳ್ತಿದ್ದೀಯೋ ಏನಾದ್ರೂ ಹೇಳ್ತಿದ್ದೀಯೋ ನಮಗೆ ಗೊತ್ತೇ ಆಗಲಿಲ್ಲ."

ಶನಿವಾರ ನಮ್ಮಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಪ್ಪನ ಹತ್ತಿರ ಕೇಳುವುದನ್ನು ಶುಕ್ರವಾರದವರೆಗೂ ಮುಂದೂಡಿದೆ. ಶಟರ್ ಎಳೆಯುವ ಹೊತ್ತಿಗೆ, ನಾಳೆ ಗಲ್ಲಾದಲ್ಲಿ ಸುಶಾಂತ್‌ನನ್ನು ಕೂರಿಸಿ, ನನಗೆ ಕ್ಲಾಸ್ ಇದೆ ಎಂದೆ. ಅಪ್ಪ ತಿರುಗಿ ನೋಡಲಿಲ್ಲ.

"ಶನಿವಾರವೇ ಆಗ್ಬೇಕಾ?"

ಬೇಡ ಬಿಡಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಎಷ್ಟೋ ವರ್ಷಗಳಿಂದ ಅಲ್ಲೇ ಇರುವ ಮಾತು.

"ಶನಿವಾರವೇ," ಎಂದೆ.

ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಅಪ್ಪ ಕಾರಿನ ಕಡೆ ನಡೆದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಬೆಳಿಗ್ಗೆ ವೈಶಾಲಿ ನಿಲ್ದಾಣದಲ್ಲಿ ಮೆಟ್ರೊ ಹತ್ತುವಾಗಲೂ ತಿಳಿದಿರಲಿಲ್ಲ.

ಲಕ್ಷ್ಮೀ ನಗರದಲ್ಲಿ ಕೋಚಿಂಗ್ ಬೋರ್ಡುಗಳ ನಡುವೆ ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಒಂದು ಕೋಣೆ. ಒಳಗೆ ಯಾರೂ ಬಾಯಲ್ಲಿ ಮಾತಾಡುವಂತಿಲ್ಲ ಎಂದು ಬಾಗಿಲ ಮೇಲೆ ಬರೆದಿತ್ತು. ಆ ನಿಯಮ ಓದಿ ಒಂದು ಕ್ಷಣ ಹಗುರಾದೆ. ಆದರೆ ಕುರ್ಚಿಗಳನ್ನು ದುಂಡಗೆ ಹಾಕಿದ್ದರು, ಹಿಂದಿನ ಸಾಲು ಎಂಬುದೇ ಇರಲಿಲ್ಲ. ಕಿವಿ ಕೇಳಿಸದ ಮೇಷ್ಟ್ರು ನನ್ನನ್ನು ನಡುವೆ ನಿಲ್ಲಿಸಿ, ನಿನ್ನ ಹೆಸರೇನು ಎಂದು ಕೇಳುವುದನ್ನು ಮಾಡಿ ತೋರಿಸಿದರು. ಅವರ ಹುಬ್ಬು, ಕಣ್ಣು, ಮುಂದೆ ಬಾಗಿದ ಕತ್ತು ಎಲ್ಲವೂ ಸೇರಿ ಕೇಳುತ್ತಿದ್ದವು.

ನಾನು ಕೈಗಳನ್ನು ಆಡಿಸಿದೆ. ಅವರು ನನ್ನ ಕೈಗಳನ್ನು ನೋಡಲೇ ಇಲ್ಲ. ತಮ್ಮ ಹುಬ್ಬು ಮುಟ್ಟಿ ತೋರಿಸಿ, ಮತ್ತೆ ಮಾಡು ಎಂದರು.

ಹದಿನೈದು ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು. ಇದರಿಂದ ತಪ್ಪಿಸಿಕೊಳ್ಳಲೆಂದೇ ನಾನು ಈ ಭಾಷೆಯನ್ನು ಆರಿಸಿಕೊಂಡಿದ್ದೆ. ಕೆನ್ನೆ ಉರಿಯುತ್ತಿತ್ತು, ಕಣ್ಣು ತಾನಾಗಿ ನೆಲಕ್ಕೆ ಇಳಿಯುತ್ತಿತ್ತು. ಬಾಗಿಲು ಎಡಗಡೆ ಇತ್ತು, ತೆರೆದೇ ಇತ್ತು. ನಾನು ಹುಬ್ಬು ಏರಿಸಿದೆ, ಎದುರಿಗೆ ಕೂತವಳ ಕಣ್ಣನ್ನು ನೋಡಿದೆ, ಕೇಳಿದೆ.

ಮೇಷ್ಟ್ರು ತಲೆಯಾಡಿಸಿದರು, ಇಲ್ಲ ಎಂದು. ಮತ್ತೆ ಹುಬ್ಬು ಮುಟ್ಟಿದರು.

ನಾನು ಮತ್ತೆ ಮಾಡಿದೆ.