ಆಷಾಢದಲ್ಲಿ ಬಣ್ಣ

ರಂಜಿನಿ ಮದುವೆಯಾಗಿ ವಿದ್ಯಾನಗರದ ಮನೆಗೆ ಬಂದದ್ದು ವೈಶಾಖದಲ್ಲಿ. ಆಗ ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗಿನ ಕತ್ತಲೆ ತಂಪಾಗಿಯೇ ಕಂಡಿತ್ತು. ಮಳೆಗಾಲ ಹಿಡಿದ ಮೇಲೆ ಆ ಕತ್ತಲೆಯ ಭಾರ ತಿಳಿಯತೊಡಗಿತು. ಎಲ್ಲ ಕಿಟಕಿಗಳಿಗೂ ಕಡುನೀಲಿ ಬಣ್ಣದ ದಪ್ಪ ಪರದೆಗಳು. ಹಗಲಿನಲ್ಲೂ ಅಕ್ಕಿ ಆರಿಸಬೇಕೆಂದರೆ ದೀಪ ಹಾಕಬೇಕು. ಹಾಕಿದರೂ ಅಷ್ಟು ದೊಡ್ಡ ಹಾಲಿಗೆ ಒಂದೇ ಮಂಕು ಬಲ್ಬು. ಅವಳು ಪರದೆ ಸರಿಸಿದರೆ, ಸ್ವಲ್ಪ ಹೊತ್ತಿನಲ್ಲೇ ಇಂಪನಾ ಬಂದು ಮಾತಿಲ್ಲದೆ ಮತ್ತೆ ಎಳೆದುಬಿಡುತ್ತಿದ್ದಳು.

ಇಂಪನಾ, ರಂಜಿನಿಯ ಗಂಡ ಜಯಕುಮಾರನ ಮೊದಲ ಹೆಂಡತಿ ಸುಪ್ರಿಯಾಳ ಮಗಳು, ನಾಲ್ಕನೇ ಕ್ಲಾಸು. ಸುಪ್ರಿಯಾ ತೀರಿಕೊಂಡು ಮೂರು ವರ್ಷವಾಗಿತ್ತು. ಜಯಕುಮಾರ ಸವಳಂಗ ರಸ್ತೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಒಳ್ಳೆಯ ಮನುಷ್ಯ, ಆದರೆ ಮನೆಯೊಳಗೆ ಕಾಲಿಟ್ಟೊಡನೆ ಅವನ ದನಿ ತಾನಾಗಿ ಇಳಿದುಹೋಗುತ್ತಿತ್ತು. ತಂದೆ ಮಗಳು ಇಬ್ಬರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು, ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಿದ್ದರು. ದಾವಣಗೆರೆಯ ತುಂಬಿದ ಮನೆಯಲ್ಲಿ ಬೆಳೆದ ರಂಜಿನಿಗೆ, ಕೈತಪ್ಪಿ ಸೌಟು ಬಿದ್ದರೂ ಏನೋ ತಪ್ಪು ಮಾಡಿದಂತೆ ಅನಿಸುತ್ತಿತ್ತು.

ಆಷಾಢಕ್ಕೆ ತವರಿಗೆ ಬಾ ಎಂದು ತಾಯಿ ಕರೆದಾಗ ಇಂಪನಾಳ ಸ್ಕೂಲಿನ ನೆಪ ಹೇಳಿ ಉಳಿದಳು. ಒಂದು ತಿಂಗಳು ಬಿಟ್ಟು ಹೋದರೆ ಈ ಮನೆಗೆ ಮತ್ತೆ ಹೊಸಬಳಾಗಿ ಬರಬೇಕಾಗುತ್ತದೆ ಎಂಬ ಅಂಜಿಕೆ ಅವಳಿಗೆ.

ಮಳೆ ತುಸು ಬಿಡುವು ಕೊಟ್ಟ ಒಂದು ಬೆಳಿಗ್ಗೆ, ಪರದೆಗಳಿಂದ ಬರುತ್ತಿದ್ದ ಮುಗ್ಗಲು ವಾಸನೆ ತಡೆಯಲಾರದೆ ಎಲ್ಲವನ್ನೂ ಬಿಚ್ಚಿ ಒಗೆದಳು. ಬರಿದಾದ ಕಿಟಕಿಗಳಿಂದ ಬೂದು ಬೆಳಕೇ ಆದರೂ ಮನೆಯೊಳಗೆ ಹರಡಿತು. ರಂಜಿನಿಗೆ ಹುರುಪು ಬಂತು. ಗೋಡೆಯ ಬೂಷ್ಟು ಒರೆಸಿದಳು. ದಿವಾನನ್ನು ಕಿಟಕಿಯ ಹತ್ತಿರಕ್ಕೆ ಎಳೆದು, ತವರಿನಿಂದ ತಂದ ಹಳದಿ ಬೆಡ್‌ಶೀಟು ಹಾಸಿದಳು. ಮಗು ಬರುವ ಹೊತ್ತಿಗೆ ಮಂಡಕ್ಕಿ ಒಗ್ಗರಣೆ, ಬಿಸಿ ಮೆಣಸಿನಕಾಯಿ ಬೋಂಡಾ ಮಾಡಿಟ್ಟಳು.

ಇಂಪನಾ ಬಾಗಿಲಲ್ಲೇ ನಿಂತುಬಿಟ್ಟಳು. “ಪರದೆ ಎಲ್ಲಿ?”

“ಒಗೆದು ಹಾಕಿದೀನಿ ಪುಟ್ಟಿ. ನೋಡು, ಮನೆ ಎಷ್ಟು ಚೆನ್ನಾಗಿ ಕಾಣ್ತಿದೆ...”

“ಅದು ನಮ್ಮಮ್ಮ ಹೊಲಿದಿದ್ದು! ನೀವ್ಯಾಕೆ ಮುಟ್ಟಿದ್ರಿ ಆಂಟಿ?”

ಆ ಮನೆಯಲ್ಲಿ ರಂಜಿನಿ ಕೇಳಿದ ಮೊದಲ ಜೋರು ದನಿ ಅದು. ಹುಡುಗಿ ಹಿತ್ತಲಿಗೆ ಓಡಿ, ಹಗ್ಗದ ಮೇಲಿದ್ದ ಒದ್ದೆ ಪರದೆಯೊಂದನ್ನು ಎಳೆದು ಅಪ್ಪಿಕೊಂಡು ರೂಮು ಸೇರಿದಳು. ಬೋಂಡಾ ತಣ್ಣಗಾಯಿತು.

ಸಂಜೆ ಜಯಕುಮಾರ, “ನನ್ನನ್ನ ಒಂದು ಮಾತು ಕೇಳಬಹುದಿತ್ತು” ಎಂದ.

“ಕೇಳಿದ್ರೆ ಏನು ಹೇಳ್ತಿದ್ರಿ?”

ಅವನು ಮಗಳ ರೂಮಿನ ಮುಚ್ಚಿದ ಬಾಗಿಲ ಕಡೆ ನೋಡಿದ. ಆಮೇಲೆ ಹೇಳಿದ: “ಭಾನುವಾರ ಅವಳನ್ನ ಭದ್ರಾವತಿಗೆ ಕರ್ಕೊಂಡು ಹೋಗು. ಅಜ್ಜಿ ಹತ್ರ ಸಮಾಧಾನ ಆಗ್ತಾಳೆ.”

ಸುಪ್ರಿಯಾಳ ತಾಯಿ ಕರಿಬಸಮ್ಮ ಇದ್ದದ್ದು ಅಲ್ಲಿನ ಕಾಗದನಗರದಲ್ಲಿ. ಸತ್ತ ಮಗಳ ಜಾಗಕ್ಕೆ ಬಂದವಳನ್ನು ಆಕೆ ಹೇಗೆ ನೋಡುತ್ತಾರೋ ಎಂದು ರಂಜಿನಿ ದಾರಿಯುದ್ದಕ್ಕೂ ಅಳುಕಿದಳು.

ಕರಿಬಸಮ್ಮ ಬಾಗಿಲಿಗೇ ಬಂದು ಮೊಮ್ಮಗಳ ತಲೆಯನ್ನು ಸೆರಗಿನಿಂದ ಒರೆಸಿದರು. ಪುಟ್ಟ ಮನೆ, ಗಿಳಿಹಸಿರು ಗೋಡೆ; ಹೊರಗೆ ಜಿಟಿಜಿಟಿ ಮಳೆಯಿದ್ದರೂ ಬಾಗಿಲು ಕಿಟಕಿ ಹಾರುಹೊಡೆದಿದ್ದವು. ಕಾಫಿ ಕೈಗೆ ಬರುವ ಮೊದಲೇ ರಂಜಿನಿ ಹೇಳಿಬಿಟ್ಟಳು: “ಅಮ್ಮ, ಸುಪ್ರಿಯಾ ಹೊಲಿದ ಪರದೆ ಕೇಳದೆ ಬಿಚ್ಚಿಬಿಟ್ಟೆ. ತಪ್ಪಾಯ್ತು.”

“ಆ ನೀಲಿ ಪರದೇನಾ? ಇನ್ನೂ ಹಾಕ್ಕೊಂಡಿದ್ರಾ ಅದನ್ನ?” ಕರಿಬಸಮ್ಮ ಬೆರಗಾದರು. “ಕಾಯಿಲೆಲಿ ಹೊಲಿದಿದ್ದಲ್ವಾ ಮಾರಾಯ್ತಿ ಅದು. ತಲೇಲಿ ಗಡ್ಡೆ ಆಗಿತ್ತಲ್ಲ, ಬೆಳಕು ಕಂಡ್ರೆ ಸೂಜಿ ಚುಚ್ಚಿದಂಗೆ ಆಗೋದು. ಒಂದು ಲೋಟ ಬಿದ್ರೂ ಒದ್ದಾಡೋಳು. ಮಿಷನ್ ನಾನೇ ತುಳಿದೆ, ಅವಳು ಬಟ್ಟೆ ಹಿಡಿದ್ಲು.”

ಇಂಪನಾ ಮೆಲ್ಲಗೆ ಕೇಳಿದಳು: “ಅಮ್ಮಂಗೆ ಕತ್ತಲೆ ಅಂದ್ರೆ ಇಷ್ಟ ಅಲ್ವಾ ಅಜ್ಜಿ?”

“ಇಷ್ಟಾನಾ? ಕರೆಂಟ್ ಹೋದ್ರೆ ಬೀದಿಗೆ ಓಡೋಳು! ಇಲ್ಲೇ ಹೊಸ್ತಿಲ ಮೇಲೆ ಕೂತು ಓದೋಳು, ಒಳಗೆ ಬಾ ಅಂದ್ರೆ ಬರ್ತಿರಲಿಲ್ಲ. ಈ ಹಸಿರು ಬಣ್ಣ ಅವಳೇ ಹಠ ಹಿಡಿದು ಹೊಡೆಸಿದ್ದು. ನಕ್ಕರಂತೂ ಆಚೆ ಬೀದಿಗೆ ಕೇಳೋದು.”

ಹುಡುಗಿ ಗೋಡೆಯನ್ನೇ ನೋಡುತ್ತ ಕುಳಿತಳು. ಅವಳಿಗೆ ನೆನಪಿದ್ದದ್ದು ಕತ್ತಲ ರೂಮಿನಲ್ಲಿ ಕಣ್ಣು ಮುಚ್ಚಿ ಮಲಗಿದ ತಾಯಿ ಮಾತ್ರ. ಅವಳ ಹತ್ತಿರ ಹೋಗಬೇಕಾದರೆ ತುದಿಗಾಲಲ್ಲಿ ಹೋಗಬೇಕಿತ್ತು. “ಜೋರಾಗಿ ನಗ್ತಿದ್ಲಾ? ಹೇಗೆ?” ಎಂದಳು. ಮಧ್ಯಾಹ್ನವೆಲ್ಲ ಕೇಳುತ್ತಲೇ ಇದ್ದಳು: ಅಮ್ಮ ಸೈಕಲ್ ಹೊಡೀತಿದ್ಲಾ, ಬೈಸ್ಕೊಳ್ತಿದ್ಲಾ, ಏನು ತಿಂತಿದ್ಲು. ರಂಜಿನಿಯೂ ಕೇಳುತ್ತ ಕುಳಿತಳು. ತನಗೆ ಹೊಟ್ಟೆಕಿಚ್ಚಾಗಬಹುದು ಎಂದು ಹೆದರಿದ್ದಳು, ಹಾಗೇನೂ ಆಗಲಿಲ್ಲ. ಆ ಸುಪ್ರಿಯಾ ಸಿಕ್ಕಿದ್ದರೆ ತನಗೆ ಗೆಳತಿಯಾಗುತ್ತಿದ್ದಳು ಅನಿಸಿತು.

ಅಂದು ರಾತ್ರಿ ಮನೆಗೆ ಮರಳಿ ಊಟಕ್ಕೆ ಕುಳಿತಾಗ ಇಂಪನಾ ನೇರವಾಗಿ ಕೇಳಿದಳು: “ಅಪ್ಪಾ, ಅಮ್ಮ ಹೋದ್ಮೇಲೂ ನಾವ್ಯಾಕೆ ಕತ್ತಲೇಲೇ ಇದ್ವಿ?”

ಜಯಕುಮಾರನ ಕೈ ತಟ್ಟೆಯಲ್ಲೇ ನಿಂತಿತು. “ತೆಗೀಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ ಮಗಳೇ. ತೆಗೆದ್ರೆ ಅವಳು ನಿಜವಾಗ್ಲೂ ಹೋದಳು ಅಂತ ಆಗಿಬಿಡುತ್ತಲ್ಲ...” ಮುಖ ತಿರುಗಿಸಿ ಅತ್ತುಬಿಟ್ಟ. ತಂದೆ ಮಗಳನ್ನು ಅವರ ಪಾಡಿಗೆ ಬಿಡೋಣವೆಂದು ರಂಜಿನಿ ಎದ್ದಳು. ಅವನು ಅವಳ ಕೈ ಹಿಡಿದ. “ಎಲ್ಲಿಗೆ ಹೋಗ್ತೀಯ? ಕೂತ್ಕೋ.”

ಒಂದು ಪರದೆಯನ್ನು ಇಂಪನಾ ತನ್ನ ಹೊದಿಕೆಯಾಗಿ ಇಟ್ಟುಕೊಂಡಳು. ಉಳಿದವು ಟ್ರಂಕು ಸೇರಿದವು. ಮುಂದಿನ ಭಾನುವಾರ ಮೂವರೂ ಹೋಗಿ ಒಳ್ಳೆಯ ಬಲ್ಬುಗಳನ್ನೂ ಒಂದು ಡಬ್ಬಿ ಗಿಳಿಹಸಿರು ಬಣ್ಣವನ್ನೂ ತಂದರು. “ಈ ಮಳೇಲಿ ಯಾರಾದ್ರೂ ಬಣ್ಣ ಹೊಡೀತಾರಾ ಸಾರ್? ದೀಪಾವಳಿಗೆ ಹೊಡ್ಕೊಳ್ಳಿ. ಈಗ ಹೊಡೆದ್ರೆ ನಿಲ್ಲಲ್ಲ” ಎಂದು ಅಂಗಡಿಯವನು ಬುದ್ಧಿ ಹೇಳಿದ.

“ಅಲ್ಲೀವರೆಗೆ ಕಾಯೋಕಾಗಲ್ಲ” ಎಂದಳು ಇಂಪನಾ.

ಫ್ಯಾನು ಹಾಕಿಟ್ಟರೂ ಬಣ್ಣ ದಿನಗಟ್ಟಲೆ ಆರಲಿಲ್ಲ. ಮೂವರ ಬಟ್ಟೆಗೂ ಹತ್ತಿತು. ಅಂಗಡಿಯವನು ಹೇಳಿದ್ದು ಸುಳ್ಳಾಗಲಿಲ್ಲ. ಗೌರಿ ಹಬ್ಬದ ಹೊತ್ತಿಗೆ ಒಂದು ಮೂಲೆಯಲ್ಲಿ ಬಣ್ಣ ಹಪ್ಪಳದಂತೆ ಎದ್ದು ಉದುರಿತು. ಬಿಸಿಲು ಬಿದ್ದ ಮೇಲೆ ಕೆರೆದು ಮತ್ತೆ ಹೊಡೆದರು. ಮಗಳು ಹೋದಂದಿನಿಂದ ಆ ಮನೆಗೆ ಕಾಲಿಡದಿದ್ದ ಕರಿಬಸಮ್ಮ ಆಗ ಬಂದು, ಎರಡು ದಿನ ಇದ್ದು ಹೋದರು.