ಸರ್ಜನ್ ಹಾಕಿದ ಜಡೆ

ಆಸ್ಟ್ರೇಲಿಯಾದ ಪರ್ತ್‌ನ ಥಾರ್ನ್ಲಿ ಬಡಾವಣೆಯಲ್ಲಿ ನನ್ನಂಥ ಸರ್ಜನ್ ಇನ್ನೊಬ್ಬನಿರಲಿಲ್ಲ. ಥಾರ್ನ್ಲಿ ಯಾಕೆ, ಭೂಮಧ್ಯರೇಖೆಯ ಈಚೆಗೇ ಇರಲಿಲ್ಲ. ನಾನು ಹಾಕಿದ ಗಂಟು ಬಿಚ್ಚಲು ಯಮನೇ ಬಂದರೂ ಕತ್ತರಿ ಕೇಳಬೇಕು.

ಅಂಥ ನಾನು ೧೯೮೩ರವರೆಗೆ ಮಗಳು ಕಮಲಾಳ ತಲೆಗೆ ಬಾಚಣಿಗೆ ಮುಟ್ಟಿಸಿದವನಲ್ಲ. ಅದು ಹೆಂಡತಿಯ ಇಲಾಖೆ. ರುಕ್ಮಿಣಿಯೂ ಮೈಸೂರಿನಲ್ಲಿ ಓದಿದ ಡಾಕ್ಟರೇ. ಇಲ್ಲಿ ಕೆಲಸ ಮಾಡಲು ಬೇಕಾದ ಪರೀಕ್ಷೆಗೆಂದು ಹಿಂದೊಮ್ಮೆ ಅಡಿಲೇಡಿಗೆ ಹೋಗಿದ್ದವಳನ್ನು, ಮಗಳಿಗೆ ಜ್ವರ ಅಂತ ನಾನೇ ಫೋನ್ ಮಾಡಿ ವಾಪಸು ಕರೆಸಿಕೊಂಡಿದ್ದೆ. ಜ್ವರದ ಮಗುವಿನ ಪಕ್ಕ ಅಪ್ಪನೂ ಕೂರಬಹುದೆಂಬುದು ನನ್ನ ಇಷ್ಟು ದೊಡ್ಡ ತಲೆಗೆ ಹೊಳೆದಿರಲಿಲ್ಲ.

ಈ ಸಲ ಅವಳು ಹೊರಟಾಗ ಎದೆ ತಟ್ಟಿಕೊಂಡೆ. “ನೀನು ಹೋಗೇ. ಲಕ್ಷ ಹೊಟ್ಟೆ ಹೊಲಿದವನಿಗೆ ಒಂದು ಜಡೆ ಯಾವ ಲೆಕ್ಕ?”

ಮಾರನೆಯ ಬೆಳಿಗ್ಗೆ ರಿಬ್ಬನ್ ಸಿಗಲಿಲ್ಲ. ಬ್ಯಾಗಿನಿಂದ ಗಾಯ ಹೊಲಿಯುವ ರೇಷ್ಮೆ ದಾರ ತೆಗೆದು, ಬುಡದಿಂದ ತುದಿಯವರೆಗೆ ಏಳು ಕಡೆ ಗಂಟು ಬಿಗಿದೆ. ಬಿರುಗಾಳಿಗೆ ಸ್ಕೂಲಿನ ಸೂರೇ ಹಾರಿಹೋದರೂ ಆ ಜಡೆ ಅಲುಗುತ್ತಿರಲಿಲ್ಲ. ಸಂಜೆ ಅದೇ ಸಂಕಟಕ್ಕೆ ಬಂತು. ಗಂಟು ಬಿಚ್ಚಲೊಲ್ಲದು. ಕತ್ತರಿ ಹಾಕಿದೆ. ದಾರದ ಜೊತೆಗೆ ಅರ್ಧ ಜಡೆಯೂ ಕೈಗೆ ಬಂತು.

“ಡ್ಯಾಡ್! ಮೈ ಹೇರ್!” ಎಂದು ಎಂಟು ವರ್ಷದ ಕಮಲಾ ಕಿರುಚಿದ್ದು ಅಡಿಲೇಡಿಗೇ ಕೇಳಿಸಿರಬೇಕು. ಆಗಲೇ ಫೋನ್ ಬಡಿದುಕೊಂಡಿತು.

“ಏನ್ರೀ, ಎಲ್ಲಾ ಸರಿಯಾಗಿದ್ಯಾ? ನಾಳೇನೇ ಪರೀಕ್ಷೆ. ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ, ಬಂದ್ಬಿಡ್ತೀನಿ. ಕಮಲು ಅಳ್ತಿದಾಳಾ?”

ಫೋನಿನಲ್ಲೂ ಕಂಡುಬಿಟ್ಟೀತೆಂದು ಅರ್ಧ ಜಡೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಕಮಲಾ ಮೂಗೊರೆಸಿಕೊಂಡು ಫೋನ್ ಕಿತ್ತುಕೊಂಡಳು. “ಹಾಯ್ ಅಮ್ಮಾ! ನೋ, ಐ ಆಮ್ ಲಾಫಿಂಗ್. ಡ್ಯಾಡ್ ಈಸ್ ಸೋ ಫನ್ನಿ. ಗುಡ್ ಲಕ್ ಟುಮಾರೋ!” ಫೋನ್ ಇಟ್ಟವಳೇ ನನ್ನ ತೊಡೆಯ ಮೇಲೆ ಬಿದ್ದು ಮತ್ತೆ ಅತ್ತಳು.

ಮರುದಿನ, ಜನ್ಮದಲ್ಲಿ ಮೊದಲ ಸಲ ಆಸ್ಪತ್ರೆಗೆ ರಜೆ ಹೇಳಿ, ಉಳಿದ ಕೂದಲನ್ನು ಪಾರ್ಲರಿನಲ್ಲಿ ಸಮ ಮಾಡಿಸಿದೆ.

ವಿಮಾನ ನಿಲ್ದಾಣದಲ್ಲಿ ರುಕ್ಮಿಣಿ ಮಗಳ ಕ್ರಾಪ್ ನೋಡಿದಳು, ನನ್ನನ್ನು ನೋಡಿದಳು. “ಅಯ್ಯೋ ಪುಣ್ಯಾತ್ಮ! ಇದೇನ್ರೀ ಆಪರೇಷನ್ನು?”

“ಪೇಶೆಂಟ್ ಬದುಕಿದಾಳಲ್ಲ! ಪರೀಕ್ಷೆ... ಹೇಗಾಯ್ತು?” ಹೆದರುತ್ತಲೇ ಕೇಳಿದೆ.

“ಚೆನ್ನಾಗಾಯ್ತು ಕಣ್ರೀ. ಅಲ್ಲಿ ಕೂತ ಮೇಲೆ ಮನೆ ನೆನಪೇ ಆಗ್ಲಿಲ್ಲ.”

ನನ್ನ ಪದಕಗಳ ಭಾರಕ್ಕೆ ನಮ್ಮ ಮನೆಯ ಗೋಡೆಯೇ ವಾಲಿದೆ, ನಿಜ. ಆದರೆ ಅವು ಯಾವುವೂ ಆ ಒಂದು ಮಾತಿಗೆ ಸಮವಲ್ಲ. ಅದನ್ನು ನನಗೆ ದಕ್ಕಿಸಿಕೊಟ್ಟ ಕ್ರಾಪಿನ ಹುಡುಗಿ ಮುಂದೆ ಮುಂದೆ ಕುಣಿಯುತ್ತ ಹೋಗುತ್ತಿದ್ದಳು. ನಾನು ಅವಳ ಹಿಂದೆ, ರುಕ್ಮಿಣಿಯ ಪುಸ್ತಕದ ಪೆಟ್ಟಿಗೆ ಹೊತ್ತು ನಡೆದೆ. ನೂರು ಮಣವಾದರೂ ಇದ್ದಿರಬೇಕು.