ಸುಣ್ಣದ ಬೊಟ್ಟಿಟ್ಟ ಕಾಯಿ

ಆ ದಿನ ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ನನ್ನ ಗಂಡ ಯೋಗೀಶ್, ಸೋಮವಾರ ತುರುವೇಕೆರೆಯ ನರ್ಸರಿಯಲ್ಲಿ ಸಸಿ ಕೊಡುತ್ತಾರಂತೆ, ಹೋಗಿ ತರುತ್ತೇನೆ ಎಂದು ತಾಯಿಗೆ ಹೇಳಿದ್ದರು. ಅತ್ತೆ ಗುರುಸಿದ್ದಮ್ಮ ತಲೆಯಾಡಿಸಿ, ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಆ ಸಸಿಗಾಗಿ ಅತ್ತೆ ಯುಗಾದಿಯಿಂದ ಕಾಯುತ್ತಿದ್ದರು. ಮದುವೆಯಾಗಿ ಬಂದ ವರ್ಷ ತವರಾದ ಬಿಳಿಗೆರೆಯಿಂದ ಒಂದು ತೆಂಗಿನ ಸಸಿ ತಂದು ಗೇಟಿನ ಪಕ್ಕ ನೆಟ್ಟಿದ್ದರು. ತವರಿನ ತೋಟ ಈಗ ಮಾರಾಟವಾಗಿ, ಅಲ್ಲಿ ಆ ತಳಿಯ ಒಂದು ಮರವೂ ಇಲ್ಲ. ಈ ಸಲದ ಮೊದಲ ಮಳೆಗೆ ಗೇಟಿನ ಮರಕ್ಕೂ ಸಿಡಿಲು ಬಡಿಯಿತು. ಸುಳಿ ಸುಟ್ಟುಹೋಯಿತು. ಕೆಳಗಿನ ಗೊನೆಯಲ್ಲಿ ಬಲಿತಿದ್ದ ಕಾಯಿಗಳನ್ನು ಅತ್ತೆ ತಾವೇ ಆರಿಸಿ, ಒಂದೊಂದಕ್ಕೂ ಸುಣ್ಣದ ಬೊಟ್ಟಿಟ್ಟು ಚೀಲ ಕಟ್ಟಿ, ತುರುವೇಕೆರೆಯ ನರ್ಸರಿಗೆ ಕೊಟ್ಟು ಸಸಿ ಮಾಡಿಸಿಕೊಂಡು ಬಾ ಎಂದು ಮಗನ ಕೈಗೆ ಕೊಟ್ಟಿದ್ದರು. ಬುಡ ಕಿತ್ತ ಜಾಗದ ಪಕ್ಕದಲ್ಲಿ ಗುಂಡಿ ತೆಗೆಸಿ, ಬೂದಿ ಗೊಬ್ಬರ ತುಂಬಿಸಿಯೂ ಆಗಿತ್ತು.

ಸಸಿಯ ಮಾತು ಬಂದಾಗಲೆಲ್ಲ ಯೋಗೀಶ್ ತಟ್ಟೆ ನೋಡುತ್ತಿದ್ದರು. ಅದನ್ನು ಗಮನಿಸಿಯೂ ನಾನು ಏನೂ ಕೇಳಿರಲಿಲ್ಲ. ಸಣ್ಣದಕ್ಕೆಲ್ಲ ಹೆದರುವವಳು ಎಂದು ಮನೆಯಲ್ಲಿ ನನಗೆ ಮೊದಲೇ ಹೆಸರಿತ್ತು.

ಅದೇ ಬೇಸಿಗೆಯಲ್ಲಿ ನಾನು ಮನೆಯೊಳಗೆ ತರಕಾರಿ, ಹೂವಿನ ಸಸಿ ಎಬ್ಬಿಸಲು ಶುರುಮಾಡಿದ್ದೆ. ಅಂಗಳದಲ್ಲಿ ಬಿತ್ತಿದ್ದನ್ನೆಲ್ಲ ಕೋಳಿಗಳು ಕೆದಕಿ ಹಾಕುತ್ತಿದ್ದವು. ಬೆಂಗಳೂರಿನ ಕೃಷಿ ಮೇಳದಿಂದ ತಂದ ಗುಳಿಗುಳಿಯ ಪ್ಲಾಸ್ಟಿಕ್ ಟ್ರೇ, ತೆಂಗಿನ ನಾರಿನ ಫ್ಯಾಕ್ಟರಿಯ ಹಿಂದೆ ಪುಕ್ಕಟೆ ಸಿಗುವ ನಾರಿನ ಹುಡಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ, ಇಷ್ಟೇ ನನ್ನ ಸಲಕರಣೆ. ಬೆಳಕು ಬೇಕಲ್ಲ, ಅದು ಇದ್ದದ್ದು ಅಟ್ಟದ ಮೇಲೆ, ಗಾಜಿನ ಹೆಂಚಿನ ಕೆಳಗೆ.

ಅಟ್ಟವೆಂದರೆ ನಮ್ಮ ಕಡೆ ಕೊಬ್ಬರಿಯ ಜಾಗ. ಕಾಯಿ ಅಲ್ಲಿ ವರ್ಷವಿಡೀ ಕೂತು, ಒಳಗಿನ ನೀರು ಇಂಗಿ ಕೊಬ್ಬರಿಯಾಗಬೇಕು. ಒಂದು ಲೋಟ ನೀರನ್ನೂ ಯಾರೂ ಮೇಲೆ ಒಯ್ಯುವುದಿಲ್ಲ. ಚಿಮುಕಿಸುವಷ್ಟೇ ನೀರು ಎಂದದ್ದಕ್ಕೆ ಅತ್ತೆ ಒಪ್ಪಿದರು. ಯೋಗೀಶ್ ಮಾತ್ರ ಬೇಡವೇ ಬೇಡ ಎಂದರು. ಯಾಕೆಂದು ಕೇಳಿದರೆ ಹೇಳಲಿಲ್ಲ. ಕೊನೆಗೆ, ಏನಾದರೂ ಮಾಡ್ಕೊ ಎಂದು ಎದ್ದುಹೋದರು.

ಏಣಿಯ ಪಕ್ಕದಲ್ಲೇ ಕಾಯಿಗಳ ಮೇಲೆ ಯಾರೋ ಗೋಣಿ ಹಾಸಿದ್ದರು. ಟ್ರೇ ಇಡಲು ಹೇಳಿ ಮಾಡಿಸಿದಂತಿತ್ತು. ಗುಳಿಗಳ ತಳದಲ್ಲಿ ತೂತಿರುತ್ತದೆ, ಸೋರುವ ನೀರು ಹಿಡಿಯಲು ಅಡಿಗೊಂದು ತಟ್ಟೆ ಇಡಬೇಕು. ಆ ತಟ್ಟೆಯೊಂದನ್ನು ನಾನು ತಂದಿರಲಿಲ್ಲ. ಟೊಮೆಟೊ ಎದ್ದಿತು, ಮೆಣಸಿನಕಾಯಿ ಎದ್ದಿತು, ದಸರೆಗೆಂದು ಚೆಂಡುಹೂವಿನ ಬೀಜ ಹಾಕಿದೆ. ದಿನವೂ ಏಣಿಯ ಮೇಲೆ ನಿಂತು ಕೈ ಚಾಚಿ ನೀರು ಚಿಮುಕಿಸಿ ಇಳಿಯುತ್ತಿದ್ದೆ.

ಅಂದು ಯೋಗೀಶ್ ತಿಪಟೂರಿಗೆ ಹೋದ ಮೇಲೆ ಹತ್ತಿ ನೋಡಿದರೆ ಟ್ರೇ ಒಂದು ಕಡೆ ವಾಲಿತ್ತು. ಇಲಿ ಇರಬೇಕೆಂದು ಗೋಣಿ ಎತ್ತಿದೆ.

ಕೋಡಿನಂಥ ಬಿಳಿ ಮೊಳಕೆಗಳು ಕಾಯಿಗಳ ಮೂತಿಯಿಂದ ಎದ್ದು ನಿಂತಿದ್ದವು. ಕೆಲವು ಗೋಣಿಗೆ ತಾಗಿ ಬಾಗಿದ್ದವು. ಕೈಯಲ್ಲಿದ್ದ ಬಾಟಲಿ ಜಾರಿ ಕೆಳಗೆ ಬಿತ್ತು. ಕೊಬ್ಬರಿ ಹಾಳು ಮಾಡಿದೆನಲ್ಲ ಎಂಬುದೊಂದೇ ತಲೆಯಲ್ಲಿತ್ತು. ಸದ್ದಿಗೆ ಅತ್ತೆ ಬಂದು, ಏನೇ ಅದು ಎಂದರು. ಕೈಗೆ ಸಿಕ್ಕ ಒಂದು ಕಾಯಿಯನ್ನು ಹಾಗೇ ಕೆಳಗೆ ಕೊಟ್ಟೆ.

ಬೈಗುಳಕ್ಕೆ ಕಾಯುತ್ತಾ ಏಣಿ ಹಿಡಿದು ನಿಂತಿದ್ದೆ. ಅತ್ತೆ ಕಾಯಿಯನ್ನು ತಿರುಗಿಸಿದರು. ಸೆರಗಿನಿಂದ ಒರೆಸಿದರು. ಆಮೇಲೆ ಅದನ್ನು ನನ್ನ ಕಡೆ ಹಿಡಿದರು. ಸಿಪ್ಪೆಯ ಮೇಲೆ ಸುಣ್ಣದ ಬೊಟ್ಟಿತ್ತು.

"ಇದು ತುರುವೇಕೆರೇಲಿ ಇರ್ಬೇಕಲ್ವೇನೆ, ದಾನೇಶ್ವರಿ?" ಎಂದರು.

ನಾನು ಮತ್ತೆ ಮೇಲೆ ನೋಡಿದೆ. ಗೋಣಿಯ ಕೆಳಗೆ ಇದ್ದವೆಲ್ಲ ಬೊಟ್ಟಿನವೇ.

ಯೋಗೀಶ್ ಮಧ್ಯಾಹ್ನ ತಿಪಟೂರಿನಿಂದ ಬಂದಾಗ ಅತ್ತೆ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಅವರು ಸ್ಕೂಟರಿನಿಂದ ಇಳಿಯಲೇ ಇಲ್ಲ.

"ಸೋಮವಾರ ಯಾರ ಮರದ ಸಸಿ ತರ್ತಿದ್ದೆ, ಯೋಗೀಶ?"

ಅವರು ನನ್ನನ್ನು ನೋಡಿದರು, ನಾನೇನೋ ಹೇಳಿಕೊಟ್ಟಿದ್ದೇನೆಂಬ ಹಾಗೆ. ಆಮೇಲೆ ನಿಧಾನಕ್ಕೆ ಎಲ್ಲ ಹೊರಬಂತು. ಚೀಲವನ್ನು ನಡುಮನೆಯಲ್ಲಿಟ್ಟು ನಾಳೆ ಒಯ್ದರಾಯಿತು ಎಂದು ಮಾರ್ಕೆಟ್ಟಿಗೆ ಹೋಗಿದ್ದರಂತೆ. ಕೆಲಸದವರು ಉಳಿದ ಕಾಯಿಯ ಜೊತೆ ಅದನ್ನೂ ಅಟ್ಟಕ್ಕೆ ಸುರಿದರಂತೆ. ಸಂಜೆ ತಾಯಿ ಕೇಳಿದಾಗ, ಕೊಟ್ಟುಬಂದೆ ಎಂದು ಬಾಯಿಗೆ ಬಂದುಬಿಟ್ಟಿತಂತೆ. ಮುಂದೆ ಹತ್ತಿ ನೋಡುವ ಹೊತ್ತಿಗೆ ಅಟ್ಟದ ಕಾವಿಗೆ ಕಾಯಿಗಳ ಜೀವ ಹೋಗಿರುತ್ತದೆ ಎನಿಸಿ, ಬೊಟ್ಟು ಕಾಣದಂತೆ ಗೋಣಿ ಹೊದಿಸಿದರಂತೆ.

"ಯಾವ್ದೋ ಒಳ್ಳೆ ಸಸೀನೇ ತರ್ತಿದ್ದೆ ಕಣವ್ವ," ಎಂದರು.

"ನಾನು ಅದನ್ನೇ ನಮ್ಮವ್ವನ ಮನೇದು ಅಂತ ಸಾಯೋಗಂಟ ನೀರು ಹುಯ್ತಿದ್ದೆ," ಎಂದರು ಅತ್ತೆ. ದನಿ ಏರಲಿಲ್ಲ. "ಸೋಮವಾರ ಎಲ್ಗೂ ಹೋಗ್ಬ್ಯಾಡ ಬುಡು. ನರ್ಸರಿ ನಮ್ಮಟ್ಟದಾಗೇ ಐತೆ. ಹತ್ತಿ ಇಳ್ಸು."

ಯೋಗೀಶ್ ಒಂದೊಂದಾಗಿ ಇಳಿಸಿದರು, ಅತ್ತೆ ಒಂದೊಂದನ್ನೂ ಸೆರಗಿನಲ್ಲಿ ತೆಗೆದುಕೊಂಡರು. ಮೊಳೆಯದವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದಿಲ್ಲದ್ದನ್ನು ಬದಿಗಿಟ್ಟರು. ಉಳಿದವನ್ನು ಬಚ್ಚಲಿನ ಹಿಂದೆ ಮರಳಿನಲ್ಲಿ ಹೂಳಿದೆವು. ಮೊಳಕೆಯ ಸುತ್ತ ಮರಳು ಒತ್ತುತ್ತಾ ನಾನು ಯೋಗೀಶರ ಕಡೆ ಮತ್ತೆ ಮತ್ತೆ ನೋಡಿದೆ. ಕೊಬ್ಬರಿಯ ಭಯ ಆಗಲೇ ಹೋಗಿತ್ತು.

ಮರುದಿನ ಬೆಳಿಗ್ಗೆ ಯೋಗೀಶ್ ರೊಟ್ಟಿ ತಿನ್ನುತ್ತಾ, ಚಿಕ್ಕನಾಯಕನಹಳ್ಳಿಗೆ ಹೋಗಿಬರುತ್ತೇನೆ, ಬರುವುದು ಸಂಜೆಯಾಗುತ್ತದೆ ಎಂದರು. ಒಲೆಯ ಮುಂದೆ ಅತ್ತೆ, ಬಾಗಿಲಲ್ಲಿ ನಾನು, ಇಬ್ಬರೂ ಒಟ್ಟಿಗೇ ತಲೆಯೆತ್ತಿ ಅವರ ಮುಖ ನೋಡಿದೆವು.